ಬಂದ್ ಮಾಡುವ ಮುಂಚೆ ಎರಡು ನಿಮಿಷ

ಡಾಕ್ಟರ ಗಾಡಿಗೆ ಜನ ತೊಟ್ಟಿಲು ಅಂತ ಹೆಸರಿಟ್ಟಿದ್ದರು. ಇಬ್ಬರೇ ಕೂರಬಹುದಾದ, ಮೇಲೆ ಬಟ್ಟೆಯ ಮುಚ್ಚಿಗೆ ಇದ್ದ, ಸೈಕಲ್ಲಿನಂತೆ ಕಡ್ಡಿಗಳ ಗಾಲಿ ಇದ್ದ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಅದು. ಒಂದು ಕಾಲಕ್ಕೆ ಕೆಂಪಗಿತ್ತಂತೆ. ನಾನು ನೋಡುವ ಹೊತ್ತಿಗೆ ಬಾದಾಮಿಯ ಗುಡ್ಡದ ಬಣ್ಣಕ್ಕೆ ತಿರುಗಿತ್ತು. ಎಪ್ಪತ್ತರ ದಶಕದಲ್ಲಿ ಮೈಸೂರು ಕಡೆಯಿಂದ ಬಂದು ಹುನಗುಂದದಲ್ಲಿ ದವಾಖಾನೆ ತೆರೆದ ಡಾಕ್ಟರು ಅದನ್ನು ತಮ್ಮ ಜೊತೆಗೇ ತಂದಿದ್ದರು. ಉದ್ದನೆಯ ಮನುಷ್ಯ. ಅದರಲ್ಲಿ ಕೂತರೆ ಮೊಣಕಾಲು ಎದೆಗೆ ಬರುತ್ತಿದ್ದವು. ಆದರೂ ಎಲ್ಲಿಂದ ಕರೆ ಬಂದರೂ ಅದರಲ್ಲೇ ಹೋಗುತ್ತಿದ್ದರು.

ನಮ್ಮದು ಬಂಡಿ ಮಾಡುವ ಮನೆತನ. ಅಪ್ಪನ ಕಾಲಕ್ಕೇ ಬಂಡಿಯ ಕೆಲಸ ಕಡಿಮೆಯಾಗಿತ್ತು. ಅಣ್ಣ ಇಳಕಲ್ಲಿನ ಬಸ್ ರಸ್ತೆಗೆ ಒಂದು ಗ್ಯಾರೇಜು ಹಾಕಿದ. ನಾನು ಬಾಗಲಕೋಟೆಯಲ್ಲಿ ಲೇತಿನ ಕೆಲಸ ಕಲಿತು ಬಂದು ಅದೇ ಗ್ಯಾರೇಜಿನ ಮೂಲೆಯಲ್ಲಿ ನನ್ನ ಲೇತು ಇಟ್ಟೆ. ತೊಟ್ಟಿಲ ಗಾಡಿಯ ಸಾಮಾನು ಯಾವ ಊರಲ್ಲೂ ಸಿಗುತ್ತಿರಲಿಲ್ಲ. ಹೀಗಾಗಿ ಅದರಲ್ಲಿ ಏನು ಮುರಿದರೂ ನಾನು ಲೇತಿನ ಮೇಲೆ ತಿರುವಿ ಕೊಡಬೇಕಿತ್ತು. ಒಮ್ಮೆ ನೀರಿನ ಪಂಪಿನ ಶಾಫ್ಟು ಹೋಯಿತು. ಎಂಜಿನ್ನಿನ ಒಳಗೆ ನೀರು ತಿರುಗಿಸಿ ಅದನ್ನು ತಂಪಾಗಿಡುವ ಪಂಪು ಅದು. ಹೆಬ್ಬೆರಳು ಗಾತ್ರದ ಶಾಫ್ಟು. ಎರಡು ದಿನ ಕೂತು ಹೊಸದು ಮಾಡಿದೆ. ಈ ಶಾಫ್ಟನ್ನು ಮರೆಯಬೇಡಿ, ಮುಂದಿನದೆಲ್ಲ ಇದರಿಂದಲೇ.

ಶಾಫ್ಟು ಹಾಕಿದ ದಿನ ಡಾಕ್ಟರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುನಗುಂದದವರೆಗೆ ಹೋಗಿ ಬಂದರು. ಹುನಗುಂದ ಬಿಟ್ಟು ಇಳಕಲ್ಲಿಗೆ ಬರುವಾಗ ಅರ್ಧ ದಾರಿಯಲ್ಲಿ ಒಂದು ಉದ್ದನೆಯ ಇಳಿಜಾರು. ಅದರ ನಡುವೆ, ಬೇವಿನ ಗಿಡದ ಕೆಳಗೆ, ಶರಣರೊಬ್ಬರ ಗದ್ದಿಗೆ. ಬಂಡಿಗಳ ಕಾಲದಲ್ಲಿ ಅಲ್ಲಿ ಎತ್ತಿನ ಕೊರಳಗಂಟೆಯನ್ನು ಕೈಯಲ್ಲಿ ಹಿಡಿದು, ಸಪ್ಪಳವಾಗದಂತೆ ದಾಟಿಸುತ್ತಿದ್ದರು. ಲಾರಿ ಬಸ್ಸು ಬಂದ ಮೇಲೂ ಪದ್ಧತಿ ಬಿಡಲಿಲ್ಲ. ಇಳಿಜಾರಿನ ತಲೆಯಲ್ಲಿ ಎಂಜಿನ್ ಬಂದ್ ಮಾಡುವುದು, ಗದ್ದಿಗೆಯ ಮುಂದೆ ಸದ್ದಿಲ್ಲದೆ ಉರುಳಿಕೊಂಡು ಹೋಗುವುದು, ಕೆಳಗೆ ಇಳಿದ ಮೇಲೆ ಮತ್ತೆ ಚಾಲೂ ಮಾಡುವುದು. ಭಕ್ತಿಯೂ ಆಯಿತು, ಡೀಸೆಲ್ಲೂ ಉಳಿಯಿತು. ಏರುವ ಗಾಡಿಗಳಿಗೆ ಮಾಫಿ. ಅವು ಎದೆ ಮುಟ್ಟಿಕೊಂಡು ಹೋದರೆ ಸಾಕು.

ಡಾಕ್ಟರಿಗೆ ಇದೆಲ್ಲ ಯಾರೂ ಹೇಳಿರಲಿಲ್ಲ. ಎಂಜಿನ್ ಗುರುಗುಟ್ಟಿಸುತ್ತ, ಹಾರ್ನ್ ಹೊಡೆಯುತ್ತ ಗದ್ದಿಗೆಯ ಮುಂದೆ ಹಾಯ್ದರು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಹಾಗೇ, ಮೊದಲು ಬಾಯಿ ಬರುತ್ತದೆ, ಆಮೇಲೆ ಬುದ್ಧಿ.

"ಏನ್ರೀ ಸಾಹೇಬ್ರ, ಕಣ್ಣು ಕಾಣಂಗಿಲ್ಲೇನು? ಗದ್ದಿಗಿ ಐತಿ ಅಲ್ಲೆ! ಇಲ್ಲಿ ಗಾಡಿ ಬಂದ್ ಮಾಡಬೇಕು. ಬಂದ್ ಮಾಡದ ಹಾದು ಹ್ವಾದವರ ಮನ್ಯಾಗ ಒಳ್ಳೇದಾಗಂಗಿಲ್ಲ, ತಿಳೀತೇನು?"

ಅವರು ಪಾಪ, ಗಾಡಿ ಬದಿಗೆ ಹಾಕಿ ಇಳಿದು, ಹಿಂದಕ್ಕೆ ನಡೆದು ಹೋಗಿ, ಚಪ್ಪಲಿ ಬಿಟ್ಟು ಕೈಮುಗಿದು ಬಂದರು. "ಗೊತ್ತಿರಲಿಲ್ಲ, ಕ್ಷಮಿಸಿ. ಇನ್ನು ಮೇಲೆ ತಪ್ಪುವುದಿಲ್ಲ" ಎಂದರು. ಖುಷಿಯಾಯಿತು ನನಗೆ. ಮನೆಗೆ ಬಂದು ಹೆಂಡತಿಯ ಮುಂದೆ ಜಂಬದಿಂದ ಹೇಳಿಕೊಂಡೆ. ಅವಳು ಬನಶಂಕರಿ ಕಡೆಯ ಹೆಣ್ಣು, ಮಾತಿನಲ್ಲಿ ನನಗಿಂತ ಚುರುಕು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಯ್ಯ ನಿಮ್ಮ ಬಾಯಿಗಿಷ್ಟು! ಡಾಕ್ಟರಿಗೆ ಯಾಕ ಬೈದ್ರಿ? ನಾಳೆ ಅವರ ಕೈಯಾಗ ಬೀಳೂದೈತಿ ನಾವು."

ಒಂದು ವರ್ಷಕ್ಕೆ ಅವರ ಕೈಗೆ ಬೀಳುವ ದಿನ ಬಂತು. ಯುಗಾದಿ ಮುಗಿದು ಬಿಸಿಲು ಉರಿಯುತ್ತಿದ್ದ ಒಂದು ಮಧ್ಯಾಹ್ನ. ಹೆಂಡತಿ ಒಲೆಗೆಂದು ಹಿತ್ತಲಿನ ಹತ್ತಿಕಟ್ಟಿಗೆಯ ಬಣವಿಯಿಂದ ಒಂದು ಹಿಡಿ ಎಳೆದಳು. ಹಾವು ಒಳಗಿತ್ತು. ಬಲಗೈಯ ಮೇಲೆ ಎರಡು ಸಣ್ಣ ತೂತು. ಇಳಕಲ್ಲಿನಲ್ಲಿ ಆಗ ಹಾವಿನ ವಿಷದ ಔಷಧಿ ಸಿಗುತ್ತಿರಲಿಲ್ಲ. ನಾನು ಅಂಗಡಿಯೊಂದಕ್ಕೆ ಓಡಿ ಡಾಕ್ಟರಿಗೆ ಫೋನ್ ಮಾಡಿದೆ. "ಅವರನ್ನು ನಡೆಸಬೇಡಿ, ಬಸ್ಸಿಗೂ ಹತ್ತಿಸಬೇಡಿ. ಮಲಗಿಸಿಯೇ ಇರಿ. ಔಷಧಿ ನನ್ನ ಹತ್ತಿರ ಇದೆ, ಈಗಲೇ ಹೊರಟೆ" ಎಂದರು. ಹುನಗುಂದದಿಂದ ಇಳಕಲ್ಲಿಗೆ ಆ ಗಾಡಿಗೆ ಇಪ್ಪತ್ತು ನಿಮಿಷ ಸಾಕು.

ಈಗ ಬಂದಾರು, ಆಗ ಬಂದಾರು ಎಂದು ರಸ್ತೆಗೂ ಮನೆಗೂ ತಿರುಗಾಡಿದೆ. ಒಂದೂವರೆ ತಾಸಿನ ಮೇಲೆ ಡಾಕ್ಟರು ಬಂದರು. ಕಲ್ಲು ತುಂಬಿದ ಒಂದು ಲಾರಿಯಿಂದ ಇಳಿದರು, ಎದೆಗೆ ಔಷಧಿಯ ಥರ್ಮಾಸು ಅವಚಿಕೊಂಡಿದ್ದರು, ಅಂಗಿ ಎಲ್ಲ ಬೆವರು. ಅವಳ ಉಸಿರು ನಿಂತು ಕಾಲು ತಾಸಾಗಿತ್ತು. ಮಣಿಕಟ್ಟು ಹಿಡಿದು, ಕಣ್ಣಿನ ರೆಪ್ಪೆ ಎತ್ತಿ ನೋಡಿ, ಗೋಡೆಗೆ ಒರಗಿ ಕೂತುಬಿಟ್ಟರು.

"ಗಾಡಿ ನಿಂತುಹೋಯಿತು" ಎಂದರು. ಅಷ್ಟೇ. ನಾನೂ ಯಾಕೆ ನಿಂತಿತು ಅಂತ ಕೇಳಲಿಲ್ಲ.

ಕೇಳಲಿಲ್ಲ, ಯಾಕೆಂದರೆ ಉತ್ತರ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಬೇಸಿಗೆಯಲ್ಲಿ ಗಾಡಿ ನಿಲ್ಲಬೇಕಾದರೆ ಎಂಜಿನ್ ಕಾದಿರಬೇಕು. ಕಾಯಬೇಕಾದರೆ ನೀರಿನ ಪಂಪು ಹೋಗಿರಬೇಕು. ಪಂಪು ಹೋಗಬೇಕಾದರೆ ನಾನು ಮಾಡಿದ ಶಾಫ್ಟು ತುಂಡಾಗಿರಬೇಕು. ನನ್ನ ಕೈಯ ಕೆಲಸವೇ ನನ್ನ ಹೆಂಡತಿಯನ್ನು ಕೊಂದಿತು. ಮಣ್ಣು ಮಾಡುವ ಹೊತ್ತಿಗೇ ಈ ಲೆಕ್ಕ ನನ್ನ ತಲೆಯಲ್ಲಿ ಮುಗಿದಿತ್ತು. ಅಳು ಬರಲಿಲ್ಲ. ಬಂಧುಬಳಗದವರು ಅತ್ತರು, ಅಣ್ಣ ಎದೆ ಬಡಿದುಕೊಂಡು ಅತ್ತ. ನಾನು ಮೂರನೆಯ ದಿನ ಲೇತಿನ ಮುಂದೆ ಹೋಗಿ ನಿಂತೆ.

ಆ ಮೇಲಿನ ಒಂದೂವರೆ ವರ್ಷದ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಉಂಡೆ, ಮಲಗಿದೆ, ಕೆಲಸ ಮಾಡಿದೆ. ಒಮ್ಮೆ ಲೇತಿನಿಂದ ಸಿಡಿದ ಕಾದ ಕಬ್ಬಿಣದ ಸುರುಳಿ ಮೊಣಕೈ ಮೇಲೆ ಕೂತು ಚರ್ಮ ಸುಡುತ್ತಿತ್ತು. ವಾಸನೆ ಬಂದು ಅಣ್ಣ ಓಡಿ ಬಂದು ಒದರಿದ ಮೇಲೇ ನನಗೆ ಗೊತ್ತಾದದ್ದು. "ಏನಲೇ ನೀ, ಮನುಷ್ಯ ಅದೀಯೋ ಕಟಗಿ ಅದೀಯೋ?" ಎಂದು ಕೂಗಾಡಿದ. ನನ್ನ ಸಿಟ್ಟೂ ಹೋಗಿತ್ತು. ಗಿರಾಕಿಗಳು ನನ್ನನ್ನು ಸಾಧು ಮನುಷ್ಯ ಅನ್ನತೊಡಗಿದ್ದರು. ಎಂಥ ಸಾಧು, ಮಣ್ಣಂಗಟ್ಟಿ!

ಆ ದಿನದಿಂದ ಡಾಕ್ಟರು ತೊಟ್ಟಿಲ ಗಾಡಿಯನ್ನು ಮುಟ್ಟಿರಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ತಂದು ತಮ್ಮ ಮನೆಯ ಪಕ್ಕದ ತಗಡಿನ ಕೆಳಗೆ ನಿಲ್ಲಿಸಿದ್ದರು. ರೋಗಿಗಳ ಮನೆಗೆ ಬಸ್ಸಿನಲ್ಲಿ, ಬಂಡಿಯಲ್ಲಿ, ಯಾರದೋ ಸೈಕಲ್ ಹಿಂದೆ ಕೂತು ಹೋಗುತ್ತಿದ್ದರು. ಎಂಬತ್ತರ ದಶಕ ಅರ್ಧ ದಾಟಿದಾಗ ಒಂದು ದಿನ ನಮ್ಮ ಗ್ಯಾರೇಜಿಗೆ ಬಂದು ನಿಂತರು. ನನ್ನ ಕಡೆ ನೋಡದೆ ಅಣ್ಣನಿಗೆ ಹೇಳಿದರು.

"ಆ ಗಾಡಿಗೆ ಹೊಸ ಎಂಜಿನ್ ಹಾಕಬೇಕು. ಎಲ್ಲೂ ನಿಲ್ಲದಂಥ ಎಂಜಿನ್."

"ಸಾಹೇಬ್ರ, ಆ ಡಬ್ಬಿಗಿ ಯಾಕ ಹೊಸ ಎಂಜಿನ್ನು? ಒಂದು ಜೀಪ್ ತಗೋಳ್ರಿ, ಸುಮ್ನ."

"ಇಲ್ಲ. ಆ ಗಾಡಿಯೇ ತಲುಪಬೇಕು" ಎಂದರು ಡಾಕ್ಟರು.

ಅಣ್ಣ ನನ್ನ ಮುಖ ನೋಡಿದ. ನಾನು ಹೂಂ ಅಂದೆ. ಡಾಕ್ಟರ ಮೇಲಿನ ಕನಿಕರಕ್ಕೆ ಅಲ್ಲ. ಹೊಸ ಎಂಜಿನ್ ಕೂರಬೇಕಾದರೆ ಹಳೆಯದು ಹೊರಗೆ ಬರಬೇಕು. ಹೊರಗೆ ಬಂದರೆ ಪಂಪು ಬಿಚ್ಚಬಹುದು. ಆ ಶಾಫ್ಟನ್ನು ನಾನು ಕಣ್ಣಾರೆ ನೋಡಬೇಕಿತ್ತು. ತುಂಡಾದದ್ದೋ, ಇಡಿಯಾಗಿದ್ದದ್ದೋ, ಇಷ್ಟೇ.

ಅಣ್ಣ ಲಾರಿಯೊಂದರಲ್ಲಿ ಮುಂಬಯಿಗೆ ಹೋಗಿ ಅಲ್ಲಿಯ ಗುಜರಿ ಪೇಟೆಯಿಂದ ಜಪಾನಿನ ಒಂದು ಸಣ್ಣ ಡೀಸೆಲ್ ಎಂಜಿನ್ ತಂದ. ಗೇರ್‌ಬಾಕ್ಸ್ ಅದಕ್ಕೇ ಅಂಟಿಕೊಂಡಿತ್ತು. ಅಂಥದ್ದು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಎಂಜಿನ್ನಿನ ಬದಿಗೆ ಶಂಖದ ಆಕಾರದ ಒಂದು ತುಂಡು ಇತ್ತು. ಟರ್ಬೊ ಅಂದ ಅಣ್ಣ. ಎಂಜಿನ್ ಬಿಡುವ ಹೊಗೆಯಿಂದಲೇ ಅದರ ಒಳಗಿನ ಚಕ್ರ ಗರಗರ ತಿರುಗುತ್ತದೆ, ಆ ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿನ ಒಳಗೆ ತುರುಕುತ್ತದೆ, ಸಣ್ಣ ಎಂಜಿನ್ ದೊಡ್ಡದರ ಕಸುವು ತೋರಿಸುತ್ತದೆ. ಮಾರಿದವನು ಒಂದು ಮಾತನ್ನು ಮೂರು ಸಲ ಹೇಳಿ ಕಳಿಸಿದ್ದನಂತೆ.

"ಓಡಿ ಬಂದ ಮ್ಯಾಲ ಒಮ್ಮೆಲೇ ಬಂದ್ ಮಾಡಬಾರದಂತ. ಎರಡು ನಿಮಿಷ ನಿಂತಲ್ಲೇ ಚಾಲೂ ಇಟ್ಟು, ಆಮ್ಯಾಲ ಬಂದ್ ಮಾಡಬೇಕಂತ. ಇಲ್ಲಾಂದ್ರ ಶಂಖದಾಗಿನ ಎಣ್ಣಿ ಸುಟ್ಟು ಕರಕಾಗಿ ಚಕ್ರ ಹಿಡಕೊಂತೈತಿ" ಎಂದ ಅಣ್ಣ. "ಓಡಿ ಬಂದ ಎತ್ತಿಗಿ ಸ್ವಲ್ಪ ಅಡ್ಡಾಡಿಸಿ ನೀರು ಕುಡಸ್ತೇವಿಲ್ಲೋ, ಹಂಗ."

ಟ್ರ್ಯಾಕ್ಟರಿನವರು ತೊಟ್ಟಿಲ ಗಾಡಿಯನ್ನು ಎಳೆದು ತಂದು ಬಿಟ್ಟರು. ಬಾನೆಟ್ಟು ಬಿಚ್ಚಿದರೆ, ನಮಗೆ ನಗು ಬರಬೇಕಿತ್ತು, ಗಾಡಿಯ ಮೈಯೆಲ್ಲ ಕಟ್ಟಿಗೆಯ ಚೌಕಟ್ಟಿನ ಮೇಲೆ ನಿಂತಿತ್ತು. ಮೇಲೆ ತಗಡು, ಒಳಗೆ ಬಂಡಿಯೇ. ಅರ್ಧ ಗೆದ್ದಲು ತಿಂದಿತ್ತು. ಅಣ್ಣ ಅಪ್ಪನ ಬಾಚಿ ಉಳಿ ಹುಡುಕಿ ತೆಗೆದು, ಕರಿಜಾಲಿಯ ಕಟ್ಟಿಗೆ ತರಿಸಿ, ಬಂಡಿಯ ಚೌಕಟ್ಟಿನ ಹಾಗೆಯೇ ಬೆಣೆ ಹೊಡೆದು ಕೂರಿಸಿದ. ಎಷ್ಟೋ ವರ್ಷಗಳ ಮೇಲೆ ಅವನು ಕೆಲಸ ಮಾಡುತ್ತ ಗುನುಗಿದ್ದು ಕೇಳಿದೆ.

ಹಳೆಯ ಎಂಜಿನ್ನನ್ನು ಸರಪಳಿ ಹಾಕಿ ಎತ್ತಿ ನೆಲಕ್ಕೆ ಇಳಿಸಿದೆವು. ಅಣ್ಣ ಊಟಕ್ಕೆ ಹೋದಾಗ ನಾನೊಬ್ಬನೇ ಪಂಪಿನ ಮುಂದೆ ಕೂತೆ. ನಾಲ್ಕು ಬೋಲ್ಟು. ಮೂರು ಬಿಚ್ಚಿ, ನಾಲ್ಕನೆಯದರ ಮೇಲೆ ಪಾನಾ ಇಟ್ಟು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಆಮೇಲೆ ಬಿಚ್ಚಿದೆ.

ಶಾಫ್ಟು ಇಡಿಯಾಗಿತ್ತು. ಬೆರಳಿಂದ ತಿರುಗಿಸಿದರೆ ಸರಾಗವಾಗಿ ತಿರುಗಿತು. ತಿಕ್ಕಿದ ಗುರುತು ಕೂಡ ಇಲ್ಲ. ಅಣ್ಣ ಬಂದು ನೋಡಿ, ನನ್ನ ಭುಜ ಹಿಡಿದು, "ಏ ತಮ್ಮಾ, ನಿಂದೇನೂ ತಪ್ಪಿಲ್ಲಲೇ! ಇಷ್ಟು ದಿವಸ ಸುಮ್ನ ಸುಟ್ಟುಕೊಂಡಿ" ಎಂದು ಅಳತೊಡಗಿದ. ನನಗೆ ಹಗುರಾಗಬೇಕಿತ್ತಲ್ಲ? ಏನೂ ಆಗಲಿಲ್ಲ. ಹಾಗಾದರೆ ಮತ್ತೆ ಯಾಕೆ ನಿಂತಿತು ಅನ್ನುವುದೊಂದೇ ತಲೆಯಲ್ಲಿ ಬಂತು.

ಪಂಪು ಮತ್ತೆ ಜೋಡಿಸಿ, ಎಂಜಿನ್ನನ್ನು ದಿಮ್ಮಿಗಳ ಮೇಲೆ ಕೂರಿಸಿ, ಹೊಸ ಪೆಟ್ರೋಲ್ ಹಾಕಿ, ಬ್ಯಾಟರಿ ಕಟ್ಟಿ, ಹ್ಯಾಂಡಲ್ ಹೊಡೆದೆವು. ಮೂರನೆಯ ಸುತ್ತಿಗೆ ಚಾಲೂ ಆಯಿತು. ಒಂದೂವರೆ ವರ್ಷ ಮೂಲೆಯಲ್ಲಿ ಬಿದ್ದಿದ್ದ ಎಂಜಿನ್, ಏನೂ ರಿಪೇರಿ ಮಾಡದೆ, ಗಡಿಯಾರದ ಹಾಗೆ ಓಡಿತು. ಅದು ಕೆಟ್ಟೇ ಇರಲಿಲ್ಲ.

ಅಣ್ಣ ನನ್ನನ್ನು ನೋಡಿದ, ನಾನು ಅಣ್ಣನನ್ನು. ಇಬ್ಬರ ತಲೆಯಲ್ಲೂ ಒಂದೇ ಮಾತು ಬಂದಿತ್ತು. ಡಾಕ್ಟರು ಸುಳ್ಳು ಹೇಳಿದ್ದರು. ಕೂಡಲೇ ಹೊರಟಿರಲಿಲ್ಲ. ಉಂಡು ಅಡ್ಡಾಗಿದ್ದರೋ, ಇನ್ನೊಬ್ಬ ರೋಗಿಯನ್ನು ನೋಡುತ್ತ ಕೂತಿದ್ದರೋ, ಮರೆತೇಬಿಟ್ಟಿದ್ದರೋ. ಗಾಡಿ ಕೆಟ್ಟಿತು ಅಂದರೆ ಯಾರು ಕೇಳುತ್ತಾರೆ? ಕೈಯಲ್ಲಿದ್ದ ಪಾನಾವನ್ನು ನೆಲಕ್ಕೆ ಎಸೆದೆ. ಸಿಟ್ಟು. ಒಂದೂವರೆ ವರ್ಷದಲ್ಲಿ ಮೊದಲ ಸಲ ನನಗೆ ಏನಾದರೂ ಅನ್ನಿಸಿದ್ದು ಅದೇ. "ಕೆಲಸ ಮುಗಿಸೋಣು. ಗಾಡಿ ಓಡಿಸಿ ನೋಡೋ ದಿವಸ ನಾ ಕೇಳ್ತೇನಿ" ಎಂದೆ ಅಣ್ಣನಿಗೆ. ಅವನು ಬೇಡ ಅನ್ನಲಿಲ್ಲ.

ಕೆಲಸ ಎರಡು ತಿಂಗಳು ಹಿಡಿಯಿತು. ಜಪಾನಿನ ಎಂಜಿನ್ ಮಿಲಿಮೀಟರಿನದು, ಇಂಗ್ಲಿಷ್ ಗಾಡಿ ಇಂಚಿನದು. ಎರಡನ್ನೂ ಹಿಡಿದಿಡುವ ಒಂದು ದಪ್ಪನೆಯ ಉಕ್ಕಿನ ಬಿಲ್ಲೆಯನ್ನು ನಾನು ತಿರುವಿದೆ. ಒಂದು ಮುಖಕ್ಕೆ ಅವರ ತೂತುಗಳು, ಇನ್ನೊಂದು ಮುಖಕ್ಕೆ ಇವರ ತೂತುಗಳು. ಮೂರು ಬಿಲ್ಲೆ ಕೆಟ್ಟು ನಾಲ್ಕನೆಯದು ಕೂತಿತು. ರೇಡಿಯೇಟರನ್ನು ಮುಂದಕ್ಕೆ ತಳ್ಳಿದೆವು. ಶಂಖಕ್ಕೆ ಜಾಗ ಸಾಲದೆ ಬಾನೆಟ್ಟಿನ ಬದಿಯನ್ನು ಕತ್ತರಿಸಿ, ಉಬ್ಬಿಸಿ, ತಗಡು ಹಚ್ಚಿದೆವು. ಗಾಡಿಗೆ ಹಲ್ಲುನೋವು ಬಂದು ಕೆನ್ನೆ ಬಾತಂತೆ ಕಾಣುತ್ತಿತ್ತು. ಬಂದು ನೋಡಿದವರೆಲ್ಲ ತೊಟ್ಟಿಲು ಬಸಿರಾಯಿತು ಎಂದು ನಕ್ಕರು. ನಾನು ನಗಲಿಲ್ಲ. ನನ್ನ ಪ್ರಶ್ನೆಯನ್ನು ಮನಸ್ಸಿನಲ್ಲೇ ಉಜ್ಜಿ ಉಜ್ಜಿ ಹರಿತ ಮಾಡುತ್ತಿದ್ದೆ.

ಓಡಿಸಿ ನೋಡುವ ದಿನ ಡಾಕ್ಟರೇ ಸ್ಟೇರಿಂಗಿಗೆ ಕೂತರು, ನಾನು ಪಕ್ಕಕ್ಕೆ. ಅಣ್ಣ ಎರಡು ನಿಮಿಷದ ಮಾತನ್ನು ಅವರಿಗೆ ಎರಡು ಸಲ ಹೇಳಿದ. ಅವರು ತಲೆಯಾಡಿಸಿದರು. ಇಳಕಲ್ಲು ಬಿಟ್ಟು ಹುನಗುಂದದ ದಾರಿ ಹಿಡಿದೆವು. ಗಾಡಿ ಏರಿನಲ್ಲಿ ಏರೇ ಇಲ್ಲವೇನೋ ಅನ್ನುವಂತೆ ಹತ್ತಿತು. ಶಂಖ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಹುನಗುಂದ ದಾಟಿ ಅಮೀನಗಡದವರೆಗೆ ಹೋಗಿ ಚಹಾ ಕುಡಿದೆವು. ಡಾಕ್ಟರು ಒಂದು ಕರದಂಟಿನ ಪೊಟ್ಟಣ ಕೊಂಡು ನನ್ನ ಕೈಗಿಟ್ಟರು. ಬೇಡ ಅನ್ನಲೂ ಇಲ್ಲ, ತಿನ್ನಲೂ ಇಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅಲ್ಲಿಯೇ ಕೇಳಬೇಕು ಅಂದುಕೊಂಡಿದ್ದೆ. ಜನ ಇದ್ದರು. ದಾರಿಯಲ್ಲಿ ಕೇಳಿದರಾಯಿತು ಎಂದು ಸುಮ್ಮನಾದೆ.

ತಿರುಗಿ ಬರುವಾಗ ಹುನಗುಂದ ದಾಟಿದೆವು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಆ ಇಳಿಜಾರು ಬಂತು. ಕೆಳಗೆ ಬೇವಿನ ಗಿಡ ಕಂಡಿತು. ಡಾಕ್ಟರ ಬಲಗೈ ಸ್ಟೇರಿಂಗಿನಿಂದ ಇಳಿದು ಚಾವಿಯ ಮೇಲೆ ಹೋಯಿತು.

ನಾನು ಅವರ ಮಣಿಕಟ್ಟು ಗಟ್ಟಿಯಾಗಿ ಹಿಡಿದೆ. "ಬ್ಯಾಡ್ರಿ! ಬಂದ್ ಮಾಡಬ್ಯಾಡ್ರಿ! ಟರ್ಬೊ ಸುಡತೈತಿ!"

ಅವರು ಕೈ ತೆಗೆದರು. ಗಾಡಿ ಸಿಳ್ಳೆ ಹಾಕುತ್ತಲೇ ಗದ್ದಿಗೆಯ ಮುಂದೆ ಹಾದುಹೋಯಿತು. ಇಳಿಜಾರು ಮುಗಿದ ಮೇಲೆ ಡಾಕ್ಟರು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಎಂಜಿನ್ ಬಂದ್ ಮಾಡಲಿಲ್ಲ. ಅವರ ಮುಖ ಬಿಳುಪೇರಿತ್ತು.

"ಆ ದಿನ ಗಾಡಿ ನಿಂತದ್ದು ಇಲ್ಲಿಯೇ" ಎಂದರು. "ಇದೇ ಜಾಗ."

"ಇಲ್ಲೆ ಹ್ಯಾಂಗ ನಿಂತಿತ್ರಿ? ಅದರಾಗ ಏನೂ ಕೆಟ್ಟಿರಲಿಲ್ಲ. ನಾವು ಚಾಲೂ ಮಾಡಿ ನೋಡೇವಿ." ನನ್ನ ದನಿ ಏರಿತ್ತು. "ಖರೆ ಹೇಳ್ರಿ ಸಾಹೇಬ್ರ. ಅವತ್ತ ನೀವು ಫೋನ್ ಇಟ್ಟ ಕೂಡ್ಲೆ ಹೊರಟಿದ್ರೋ ಇಲ್ಲೋ?"

"ಕೂಡಲೇ ಹೊರಟೆ. ಜೋರಾಗಿಯೇ ಬಂದೆ. ಇಳಿಜಾರಿನ ಮೇಲೆ ಎಂಜಿನ್ ಆಫ್ ಮಾಡಿದೆ. ಗದ್ದಿಗೆ ದಾಟಿ ಇಲ್ಲಿಗೆ ಬಂದು ಮತ್ತೆ ಸ್ಟಾರ್ಟ್ ಮಾಡಿದರೆ ಆಗಲೇ ಇಲ್ಲ. ಬ್ಯಾಟರಿ ಖಾಲಿಯಾಗುವವರೆಗೂ ಪ್ರಯತ್ನಪಟ್ಟೆ. ತಳ್ಳಿದೆ. ಆ ಬಿಸಿಲಿನಲ್ಲಿ ಒಂದು ತಾಸು ರಸ್ತೆಯಲ್ಲಿ ಯಾರೂ ಬರಲಿಲ್ಲ."

ನಾನು ಮೆಕ್ಯಾನಿಕನ ತಮ್ಮ. ಅವರು ಹೇಳಿ ಮುಗಿಸುವ ಮುಂಚೆಯೇ ನನಗೆ ತಿಳಿದುಹೋಯಿತು. ಅಂಥ ಬಿಸಿಲಿನಲ್ಲಿ ಜೋರಾಗಿ ಓಡಿ ಬಂದ ಪೆಟ್ರೋಲ್ ಎಂಜಿನ್ನನ್ನು ಒಮ್ಮೆಲೇ ಬಂದ್ ಮಾಡಿದರೆ ಒಳಗೆ ನೀರು ತಿರುಗುವುದು ನಿಲ್ಲುತ್ತದೆ, ಕಾವು ಅಲ್ಲೇ ಕೂರುತ್ತದೆ, ಕೊಳವೆಯಲ್ಲಿದ್ದ ಪೆಟ್ರೋಲು ಕುದ್ದು ಹಬೆಯಾಗುತ್ತದೆ. ಆಮೇಲೆ ತಲೆಕೆಳಗಾದರೂ ಅದು ಚಾಲೂ ಆಗುವುದಿಲ್ಲ. ಆರಿದ ಮೇಲೆ, ಬ್ಯಾಟರಿ ಸತ್ತಿರದಿದ್ದರೆ, ಏನೂ ಆಗಿಲ್ಲದ ಹಾಗೆ ಓಡುತ್ತದೆ. ಬಂದ್ ಮಾಡದೆ ಬಂದಿದ್ದರೆ ಇನ್ನು ಎಂಟು ಹತ್ತು ನಿಮಿಷಕ್ಕೆ ನಮ್ಮ ಮನೆಯ ಮುಂದೆ ಇರುತ್ತಿತ್ತು.

"ಅಷ್ಟು ಅವಸರದಾಗ ಯಾಕ ಬಂದ್ ಮಾಡಿದ್ರಿ?" ಎಂದೆ.

ಡಾಕ್ಟರು ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು.

"ನೀವೇ ಹೇಳಿದ್ದಿರಲ್ಲ. ಬಂದ್ ಮಾಡದೆ ಹೋದವರ ಮನೆಯಲ್ಲಿ ಒಳ್ಳೆಯದಾಗುವುದಿಲ್ಲ ಅಂತ. ನಾನು ಅದನ್ನೆಲ್ಲ ನಂಬುವವನಲ್ಲ. ಆದರೆ ಆ ದಿನ ಹೋಗುತ್ತಿದ್ದದ್ದು ನಿಮ್ಮ ಮನೆಗೆ. ನಿಮ್ಮ ಹೆಂಡತಿಗೆ ಒಳ್ಳೆಯದಾಗಲಿ ಅಂತಲೇ ಆಫ್ ಮಾಡಿದೆ."

ಮೊಣಕೈಯ ಮೇಲಿನ ಹಳೆಯ ಸುಟ್ಟ ಕಲೆ ಉರಿಯತೊಡಗಿತು. ಎಷ್ಟೋ ದಿನಗಳ ಹಿಂದೆ ಸುಟ್ಟದ್ದು ಆಗ ಉರಿಯಿತು. ತೊಡೆಯ ಮೇಲಿನ ಪೊಟ್ಟಣವನ್ನು ಬಿಗಿಯಾಗಿ ಹಿಡಿದುಕೊಂಡು, ಬಗ್ಗಿ, ಬಾಯಿಬಿಟ್ಟು ಅತ್ತೆ. ಅವಳು ಹೋದ ಮೇಲೆ ಅತ್ತದ್ದು ಅದೇ ಮೊದಲು. ಎಂಜಿನ್ನಿನ ಸದ್ದಿನಲ್ಲಿ ನನ್ನ ಸದ್ದು ಹೊಲದಲ್ಲಿದ್ದವರಿಗೆ ಕೇಳಿಸಿರಲಿಕ್ಕಿಲ್ಲ.

ಆಮೇಲೆ ಡಾಕ್ಟರು ಮೆಲ್ಲಗೆ, "ಎರಡು ನಿಮಿಷ ಆಯಿತು. ಆಫ್ ಮಾಡಲೇ?" ಎಂದರು.

"ಬ್ಯಾಡ್ರಿ" ಎಂದೆ. "ಇನ್ನಷ್ಟು ಹೊತ್ತು ಇರ್ಲಿ."